ಮನೆಯಲ್ಲಿ ಸಾವಾದಾಗ: ಸೌದೆ, ಗಾಡಿ ಮತ್ತು ಮರಣ ಪತ್ರದ ಲೆಕ್ಕ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ, ಆರು ಎಕರೆ ಕಾಫಿ ತೋಟವಿದೆ. ನಾನು ಚಿಕ್ಕಮಗಳೂರಿನಲ್ಲಿ ಶಿಕ್ಷಕಿಯಾಗಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮಾವನವರು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಕಿ ಕಟ್ಟುವವರೆಗೆ ಶವವನ್ನು ಕೊಡಲಿಲ್ಲ, ಗಾಡಿಯವರು ಕೇಳಿದಷ್ಟು ಕೊಟ್ಟೆವು, ಸೌದೆ ಹಸಿಯಾಗಿದ್ದರಿಂದ ಚಿತೆ ಉರಿಯದೆ ಸಂಕಟಪಟ್ಟೆವು. ಮರಣ ಪತ್ರಕ್ಕಾಗಿ ಊರಿನ ಕಚೇರಿಗೆ ಮೂರು ಸಲ ಅಲೆದ ಮೇಲೆ ‘ಇಲ್ಲಿ ಆಗುವುದಿಲ್ಲ’ ಎಂದರು. ಅದು ಇನ್ನೂ ಆಗಿಲ್ಲ. ಈಗ ಎಂಬತ್ತೆರಡರ ನಮ್ಮ ಮಾವನವರು ಹಾಸಿಗೆ ಹಿಡಿದಿದ್ದಾರೆ. ತಮ್ಮನ್ನು ತೋಟದಲ್ಲಿಯೇ ಸುಡಬೇಕು ಎಂದಿದ್ದಾರೆ. ಬದುಕಿರುವವರ ವಿಷಯದಲ್ಲಿ ಇದನ್ನೆಲ್ಲ ಕೇಳುವುದು ಅಶುಭ ಎಂದು ಮನೆಯಲ್ಲಿ ಬೈದರೂ ಕೇಳುತ್ತಿದ್ದೇನೆ: ನಿಯಮ ಏನು, ನ್ಯಾಯವಾದ ಖರ್ಚು ಎಷ್ಟು, ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಅಶುಭ ಎಂದುಕೊಂಡು ಕೇಳದೆ ಉಳಿದವರೇ ಕೊನೆಗೆ ಹೆಚ್ಚು ಹಣ ತೆರುತ್ತಾರೆ ಎಂಬುದನ್ನು ನಿಮ್ಮ ದೊಡ್ಡಮಾವನವರ ಪ್ರಕರಣವೇ ಹೇಳುತ್ತಿದೆ, ಆದ್ದರಿಂದ ಸಂಕೋಚ ಬೇಡ. ಶವವನ್ನು ಸುಡುವುದಕ್ಕೆ ಅಥವಾ ಹೂಳುವುದಕ್ಕೆ ನಿಜವಾಗಿ ತಗಲುವ ಖರ್ಚು, ಇಡೀ ವ್ಯವಹಾರದಲ್ಲಿ ಅತ್ಯಂತ ಸಣ್ಣ ಭಾಗ. ಹಣ ಸೋರುವುದು ಅದರ ಹಿಂದೆ ಮತ್ತು ಮುಂದೆ: ಹಿಂದೆ ಎಂದರೆ ಆಸ್ಪತ್ರೆಯ ಬಾಗಿಲಿನಿಂದ ಮನೆಯ ಅಂಗಳದವರೆಗೆ, ಮುಂದೆ ಎಂದರೆ ಹನ್ನೊಂದರಿಂದ ಹದಿಮೂರನೆಯ ದಿನದವರೆಗೆ. ಇವೆರಡಕ್ಕೂ ಮೀರಿದ ನಷ್ಟವಾಗುವುದು ಕಾಗದ ಸರಿಯಾಗದಿದ್ದಾಗ. ಅದು ವರ್ಷಗಳ ನಂತರ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿ ವಾಪಸು ಬಂದಾಗ ಗೊತ್ತಾಗುತ್ತದೆ.

ಮೊದಲು ಆಸ್ಪತ್ರೆಯ ವಿಷಯ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು; ಅದಕ್ಕೆ 2017ರಲ್ಲಿ ವೈದ್ಯರ ದೊಡ್ಡ ಮುಷ್ಕರದ ನಡುವೆಯೇ ತಿದ್ದುಪಡಿಯಾಯಿತು. ರೋಗಿ ಮೃತಪಟ್ಟಾಗ ಬಾಕಿ ಹಣಕ್ಕಾಗಿ ಒತ್ತಾಯಿಸದೆ ಮೃತದೇಹವನ್ನು ಬಂಧುಗಳಿಗೆ ಒಪ್ಪಿಸಬೇಕು, ಬಾಕಿಯನ್ನು ಅನಂತರ ವಸೂಲು ಮಾಡಿಕೊಳ್ಳಬಹುದು ಎಂಬುದು ಆ ತಿದ್ದುಪಡಿಯಿಂದ ಬಂದ ಕಟ್ಟಳೆ. ಬಾಕಿ ಮಾಫಿಯಾಗುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಾರದು. ಸಾಲ ಸಾಲವಾಗಿಯೇ ಉಳಿಯುತ್ತದೆ, ಆದರೆ ಶವವನ್ನು ಅದಕ್ಕೆ ಅಡವು ಇಟ್ಟುಕೊಳ್ಳುವಂತಿಲ್ಲ. ಹಾಗೆ ಇಟ್ಟುಕೊಂಡರೆ ದೂರು ಕೊಡಬೇಕಾದದ್ದು ಆಸ್ಪತ್ರೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ, ಅಂದರೆ ನಿಮ್ಮ ಪ್ರಕರಣದಲ್ಲಿ ಹಾಸನ ಜಿಲ್ಲೆಗೆ, ಚಿಕ್ಕಮಗಳೂರಿಗೆ ಅಲ್ಲ. ಆ ಹೊತ್ತಿನಲ್ಲಿ ಜಗಳವಾಡುವ ಶಕ್ತಿ ಯಾರಿಗೂ ಇರುವುದಿಲ್ಲ. ಆದರೂ ಬಿಲ್ ವಿಭಾಗದವರ ಮುಂದೆ ‘ಬಾಕಿಯನ್ನು ಬರೆದುಕೊಡಿ, ಶವವನ್ನು ಒಪ್ಪಿಸಿ, ಇಲ್ಲವೆಂದರೆ ಕೊಡುವುದಿಲ್ಲ ಎಂದು ಬರೆದುಕೊಡಿ’ ಎಂದು ಶಾಂತವಾಗಿ ಕೇಳಿದರೆ ಬಹುಪಾಲು ಪ್ರಕರಣಗಳು ಅಲ್ಲಿಯೇ ಬಗೆಹರಿಯುತ್ತವೆ. ಕೊಡುವುದಿಲ್ಲ ಎಂದು ಬರೆದುಕೊಡುವ ಧೈರ್ಯ ಯಾರಿಗೂ ಇರುವುದಿಲ್ಲ.

ಆಸ್ಪತ್ರೆ ಬಿಡುವ ಮುನ್ನ ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸಿದ ಪತ್ರದ ಪ್ರತಿ ನಿಮ್ಮ ಕೈಯಲ್ಲಿರಬೇಕು. ಆಸ್ಪತ್ರೆಗಳಲ್ಲಿ ಇದು ನಮೂನೆ 4, ಮನೆಯಲ್ಲಿ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ಕೊಡುವುದು ನಮೂನೆ 4ಎ. 2023ರಲ್ಲಿ ತಿದ್ದುಪಡಿಯಾಗಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ, ಆಸ್ಪತ್ರೆ ಈ ಪತ್ರವನ್ನು ನೋಂದಣಾಧಿಕಾರಿಗೆ ಕಳಿಸಿ ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ಅದರಲ್ಲಿ ಹೆಸರು ಆಧಾರ್ ಕಾರ್ಡಿನಲ್ಲಿ ಮತ್ತು ಪಹಣಿಯಲ್ಲಿ ಇರುವಂತೆಯೇ ಬರೆದಿದೆಯೇ ಎಂದು ಅಲ್ಲಿಯೇ ನಿಂತು ಓದಿಸಿ. ದಾಖಲು ಮಾಡುವಾಗ ಯಾರೋ ಅವಸರದಲ್ಲಿ ಹೇಳಿದ ಮನೆಯ ಹೆಸರು ಮರಣ ಪತ್ರದವರೆಗೂ ಹೋಗಿ ಕುಳಿತುಬಿಡುತ್ತದೆ. ‘ಪುಟ್ಟೇಗೌಡ’ ಮತ್ತು ‘ಪುಟ್ಟಸ್ವಾಮಿಗೌಡ’ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಲು ಮಕ್ಕಳು ವರ್ಷಗಟ್ಟಲೆ ಓಡಾಡುವುದನ್ನು ಕಂದಾಯ ಕಚೇರಿಯ ಬೆಂಚಿನ ಮೇಲೆ ಕುಳಿತವರೆಲ್ಲ ನೋಡಿರುತ್ತಾರೆ.

ಇನ್ನು ನಿಮ್ಮ ಮಾವನವರ ವಿಷಯ. ವಯಸ್ಸಾಗಿ, ಕಾಯಿಲೆಯಿಂದ ಮಲಗಿರುವವರು ಮನೆಯಲ್ಲಿಯೇ ಕಣ್ಣು ಮುಚ್ಚಿದರೆ ನಮ್ಮ ಜನ ಗಾಬರಿಯಿಂದ ಮಾಡುವ ಮೊದಲ ಕೆಲಸವೆಂದರೆ ಕಾರಿನಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡುವುದು. ಉಸಿರು ಇದೆಯೋ ಇಲ್ಲವೋ ಎಂಬ ಸಂದೇಹ ಕಿಂಚಿತ್ತಾದರೂ ಇದ್ದರೆ ಅದನ್ನೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಣ ಹೋಗಿ ಗಂಟೆಗಳಾಗಿದ್ದು, ಕೇವಲ ‘ಡಾಕ್ಟರು ಒಂದು ಮಾತು ಹೇಳಲಿ’ ಎಂಬ ಕಾರಣಕ್ಕೆ ಒಯ್ದರೆ, ಹಿಂದಿನ ಚಿಕಿತ್ಸೆ ತಿಳಿಯದ ಕರ್ತವ್ಯನಿರತ ವೈದ್ಯರು ‘ತರುವಾಗಲೇ ಮೃತ’ ಎಂದು ಬರೆದು ಪೊಲೀಸರಿಗೆ ತಿಳಿಸಬೇಕಾಗಬಹುದು. ಅಲ್ಲಿಂದ ಮರಣೋತ್ತರ ಪರೀಕ್ಷೆಯ ದಾರಿ ತೆರೆದುಕೊಳ್ಳುತ್ತದೆ. ಅದಕ್ಕಾಗಿ ಈಗಲೇ ಮಾಡಬಹುದಾದದ್ದು ಇಷ್ಟು: ಅವರನ್ನು ನೋಡುತ್ತಿರುವ ಸ್ಥಳೀಯ ವೈದ್ಯರೊಬ್ಬರ ಬಳಿ ಮುಚ್ಚುಮರೆಯಿಲ್ಲದೆ ಮಾತನಾಡಿ, ಕರೆದರೆ ಮನೆಗೆ ಬಂದು ಪರೀಕ್ಷಿಸಿ ನಮೂನೆ 4ಎ ಕೊಡುತ್ತಾರೆಯೇ ಎಂದು ಕೇಳಿ. ಹಳೆಯ ಚೀಟಿ, ಪರೀಕ್ಷಾ ವರದಿ, ಡಿಸ್ಚಾರ್ಜ್ ಸಾರಾಂಶಗಳನ್ನು ಒಂದು ಕಡತದಲ್ಲಿಡಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದರೆ ಆ ವಿಷಯ ಮನೆಯ ಇಬ್ಬರಿಗಾದರೂ ಗೊತ್ತಿರಲಿ. ಸುಡುವ ಮುನ್ನ ವೈದ್ಯರಿಂದ ಅದನ್ನು ತೆಗೆಸಲೇಬೇಕು, ಏಕೆಂದರೆ ಬೆಂಕಿಯ ಕಾವಿಗೆ ಅದರ ಬ್ಯಾಟರಿ ಸಿಡಿಯುತ್ತದೆ.

ಅಪಘಾತ, ಆತ್ಮಹತ್ಯೆ, ವಿದ್ಯುತ್ ತಗುಲಿದ್ದು, ಹಾವು ಕಡಿದದ್ದು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದು, ಕೆರೆಗೆ ಬಿದ್ದದ್ದು, ನಿಮ್ಮ ಭಾಗದಲ್ಲಿ ಆನೆ ತುಳಿದದ್ದು, ಇವೆಲ್ಲ ಬೇರೆ ವರ್ಗ. ಇಂಥ ಸಾವುಗಳಲ್ಲಿ ಪೊಲೀಸರಿಗೆ ತಿಳಿಸದೆ ಸುಡುವಂತಿಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣದಡಿ ನಡೆಯುತ್ತಿದ್ದ ವಿಚಾರಣೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಪ್ರಕರಣದಡಿ ನಡೆಯುತ್ತದೆ; ಠಾಣೆಯಲ್ಲಿ ಇದಕ್ಕೆ ಈಗಲೂ ‘ಯುಡಿಆರ್’ (ಅಸಹಜ ಸಾವಿನ ವರದಿ) ಎಂದೇ ಹೇಳುತ್ತಾರೆ. ‘ಹೇಗೂ ಹೋದವರು ಹೋದರು, ಕೊಯ್ಯಿಸುವುದು ಏಕೆ’ ಎಂದು ಹಿರಿಯರು ತಡೆಯುವುದುಂಟು. ಅವರ ನೋವು ಅರ್ಥವಾಗುತ್ತದೆ. ಆದರೆ ಮರಣೋತ್ತರ ವರದಿ ಇಲ್ಲದೆ ಅರಣ್ಯ ಇಲಾಖೆಯ ಪರಿಹಾರವೂ ಇಲ್ಲ, ಹಾವು ಕಡಿತಕ್ಕೆ ಕೃಷಿ ಇಲಾಖೆಯ ನೆರವೂ ಇಲ್ಲ, ಅಪಘಾತ ವಿಮೆಯೂ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಶುಲ್ಕವಿಲ್ಲ. ಸೂರ್ಯಾಸ್ತದ ನಂತರ ಮಾಡುವುದೇ ಇಲ್ಲ ಎಂಬ ಹಳೆಯ ಮಾತೂ ಈಗ ಪೂರ್ತಿ ನಿಜವಲ್ಲ: ಸೂಕ್ತ ಬೆಳಕು ಮತ್ತು ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ತಿಳಿಸಿದೆ, ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ ಮತ್ತು ಸಂಶಯಾಸ್ಪದ ಪ್ರಕರಣಗಳನ್ನು ಸಾಮಾನ್ಯವಾಗಿ ಇದರಿಂದ ಹೊರಗಿಟ್ಟಿದೆ.

ಮರಣ ಪತ್ರದ ವಿಷಯಕ್ಕೆ ಬರೋಣ, ಏಕೆಂದರೆ ನೀವು ಮೂರು ಸಲ ಅಲೆದದ್ದು ಒಂದೇ ಒಂದು ತಪ್ಪು ತಿಳಿವಳಿಕೆಯಿಂದ. ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ; ಮೃತರ ಊರಿನಲ್ಲಿಯೂ ಅಲ್ಲ, ಸುಟ್ಟ ಜಾಗದಲ್ಲಿಯೂ ಅಲ್ಲ. ನಿಮ್ಮ ದೊಡ್ಡಮಾವನವರು ಹುಟ್ಟಿ ಬೆಳೆದು ಬೂದಿಯಾದದ್ದು ಮೂಡಿಗೆರೆ ತಾಲ್ಲೂಕಿನಲ್ಲಾದರೂ ಪ್ರಾಣ ಬಿಟ್ಟದ್ದು ಹಾಸನ ನಗರದಲ್ಲಿ. ಆದ್ದರಿಂದ ಅವರ ಮರಣ ದಾಖಲಾಗಬೇಕಾದದ್ದು ಹಾಸನ ನಗರಾಡಳಿತದ ಜನನ ಮರಣ ವಿಭಾಗದಲ್ಲಿ, ಅದನ್ನು ವರದಿ ಮಾಡಬೇಕಾದವರು ಆಸ್ಪತ್ರೆಯವರು. ಊರಿನ ಕಚೇರಿಯವರು ‘ಇಲ್ಲಿ ಆಗುವುದಿಲ್ಲ’ ಎಂದದ್ದು ಸರಿ. ಎಲ್ಲಿ ಆಗುತ್ತದೆ ಎಂದು ಮೊದಲ ದಿನವೇ ಹೇಳದೆ ಇದ್ದದ್ದು ತಪ್ಪು. ಆಸ್ಪತ್ರೆಯವರು ಆಗಲೇ ವರದಿ ಕಳಿಸಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿದ್ದರೆ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ. ಜನನ ಮರಣ ದಾಖಲಿಸುವ ರಾಜ್ಯದ ಇ-ಜನ್ಮ ತಂತ್ರಾಂಶದಲ್ಲಿ ಹೆಸರು ಹುಡುಕಿಸಿ ಪ್ರಮಾಣಪತ್ರ ಪಡೆದುಕೊಂಡರೆ ಮುಗಿಯಿತು. ಮೊದಲು ಅದನ್ನು ವಿಚಾರಿಸಿ, ಅನಂತರ ಮಾತ್ರ ವಿಳಂಬ ನೋಂದಣಿಯ ಯೋಚನೆ ಮಾಡಿ.

ಮನೆಯಲ್ಲಾದ ಸಾವನ್ನು ಕುಟುಂಬದ ಮುಖ್ಯಸ್ಥರು ಅಥವಾ ಹತ್ತಿರದ ಬಂಧುಗಳು 21 ದಿನಗಳೊಳಗೆ ತಿಳಿಸಬೇಕು. ಹಳ್ಳಿಗಳಲ್ಲಿ ಇದಕ್ಕಾಗಿ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯನ್ನು ಅಥವಾ ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣಬೇಕು. ಗ್ರಾಮ ಆಡಳಿತ ಅಧಿಕಾರಿಯನ್ನು ಜನ ಈಗಲೂ ಶಾನುಭೋಗರು ಎಂದೇ ಕರೆಯುತ್ತಾರೆ, ಅವರೂ ಬೇಸರಿಸಿಕೊಳ್ಳುವುದಿಲ್ಲ. ನೋಂದಣಿಯಾದ ಮೇಲೆ ಏಳು ದಿನಗಳೊಳಗೆ ಮೊದಲ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. 21 ದಿನ ಕಳೆದು 30 ದಿನ ತುಂಬುವುದರೊಳಗಾದರೆ ಅಲ್ಪ ವಿಳಂಬ ಶುಲ್ಕದೊಂದಿಗೆ ಆಗುತ್ತದೆ. ಮೂವತ್ತು ದಿನ ಮೀರಿ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶದ ಮೇಲೆ ಆಗುತ್ತದೆ. ಪ್ರಮಾಣಪತ್ರದ ನಾಲ್ಕೈದು ಪ್ರತಿಗಳನ್ನು ಒಮ್ಮೆಗೇ ಪಡೆದಿಟ್ಟುಕೊಳ್ಳುವುದು ಜಾಣತನ.

ಇದೇ ಕಾಯ್ದೆಯಲ್ಲಿ ನಮ್ಮ ಮಲೆನಾಡಿಗೆಂದೇ ಬರೆದಂತಿರುವ ಒಂದು ಪ್ರಕರಣವಿದೆ, ಅದನ್ನು ಓದಿದ ತೋಟದ ಮಾಲೀಕರನ್ನು ನಾನು ಕಂಡದ್ದು ಕಡಿಮೆ. 1969ರ ಮೂಲ ಕಾಯ್ದೆಯ ಒಂಬತ್ತನೆಯ ಪ್ರಕರಣದ ಪ್ರಕಾರ, ನಾಲ್ಕು ಹೆಕ್ಟೇರಿಗೆ ಕಡಿಮೆಯಿಲ್ಲದ ಚಹಾ, ಕಾಫಿ, ಮೆಣಸು, ರಬ್ಬರ್, ಏಲಕ್ಕಿ ತೋಟಗಳಲ್ಲಿ ನಡೆದ ಜನನ ಮರಣಗಳ ಮಾಹಿತಿಯನ್ನು ನೋಂದಣಾಧಿಕಾರಿಗೆ ಮುಟ್ಟಿಸುವ ಹೊಣೆ ತೋಟದ ಮೇಲ್ವಿಚಾರಕರದು. ನಾಲ್ಕು ಹೆಕ್ಟೇರ್ ಎಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ. ನಿಮ್ಮ ಆರು ಎಕರೆಗೆ ಇದು ಅನ್ವಯಿಸುವುದಿಲ್ಲ. ಆದರೆ ಅಕ್ಕಪಕ್ಕದ ದೊಡ್ಡ ತೋಟಗಳ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ಇರುವವರು, ಅದರಲ್ಲೂ ಬಯಲುಸೀಮೆಯಿಂದಲೋ ಅಸ್ಸಾಮಿನಿಂದಲೋ ಬಂದ ಕೂಲಿಯವರು ಸತ್ತಾಗ ವಿವರ ಕೊಡುವುದಷ್ಟೇ ಮನೆಯವರ ಪಾಲು, ಅದನ್ನು ದಾಖಲು ಮಾಡಿಸಲು ಓಡಾಡಬೇಕಾದವರು ತೋಟದ ಮೇಲ್ವಿಚಾರಕರಾದ ರೈಟರು. ಹೆಣ ಎತ್ತಲು ಮುಂಗಡ ಕೊಟ್ಟು ಕೈತೊಳೆದುಕೊಳ್ಳುವ ಕಡೆ ಈ ಪ್ರಕರಣವನ್ನು ನೆನಪಿಸುವುದು ತಪ್ಪಲ್ಲ. ಆ ಕೂಲಿಯವರ ಹೆಸರಿನಲ್ಲಿ ಭವಿಷ್ಯನಿಧಿ ಕಟ್ಟುತ್ತಿದ್ದರೆ, ಸೇವೆಯಲ್ಲಿರುವಾಗಲೇ ಸಾವು ಸಂಭವಿಸಿದ ಕಾರಣಕ್ಕೆ ಅದರೊಂದಿಗೆ ಸೇರಿದ ವಿಮೆಯಿಂದ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಬರುವ ಅವಕಾಶವಿರುತ್ತದೆ, ಅದಕ್ಕೂ ಈ ಮರಣ ಪತ್ರವೇ ಮೊದಲ ಮೆಟ್ಟಿಲು.

ತೋಟದಲ್ಲಿಯೇ ಸುಡಬಹುದೇ? ನಗರಸಭೆ, ಪುರಸಭೆಗಳ ಮಿತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ 1964 ಅನ್ವಯಿಸುತ್ತದೆ. ಅಲ್ಲಿ ಅನುಮತಿಯಿಲ್ಲದ ಜಾಗದಲ್ಲಿ ಸುಡುವುದಕ್ಕೆ, ಹೂಳುವುದಕ್ಕೆ ಅವಕಾಶವಿಲ್ಲ. ಹಳ್ಳಿಗಳಲ್ಲಿ ರುದ್ರಭೂಮಿಯ ನಿರ್ವಹಣೆ ಗ್ರಾಮ ಪಂಚಾಯಿತಿಯ ಹೊಣೆ. ಸ್ವಂತ ಹಿಡುವಳಿಯಲ್ಲಿ ಸುಡುವ, ಮಣ್ಣು ಮಾಡುವ ರೂಢಿ ಮಲೆನಾಡಿನುದ್ದಕ್ಕೂ ಇದೆ. ಕೋವಿಡ್‌ನ ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್‌ನಲ್ಲಿ, ರಾಜ್ಯ ಸರ್ಕಾರವೇ ಸ್ವಂತ ಜಮೀನಿನಲ್ಲಿ ಅಂತ್ಯಕ್ರಿಯೆಗೆ ಅವಕಾಶ ಕೊಟ್ಟು ಆದೇಶ ಹೊರಡಿಸಿತ್ತು. ಹಾಗಿದ್ದರೂ ಪಂಚಾಯಿತಿಗೆ ಒಂದು ಸಾಲಿನ ಪತ್ರ ಬರೆದು ಸ್ವೀಕೃತಿ ಪಡೆಯುವುದು ಒಳ್ಳೆಯದು. ನನ್ನ ಎಚ್ಚರಿಕೆ ಬೇರೆ ಕಡೆಗಿದೆ. ಮಾವನವರು ತೋರಿಸುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಪಹಣಿ ಮತ್ತು ನಕಾಶೆ ಇಟ್ಟುಕೊಂಡು ನೋಡಿ. ನಮ್ಮ ತೋಟಗಳಲ್ಲಿ ಹಿಡುವಳಿ ಎಲ್ಲಿ ಮುಗಿಯುತ್ತದೆ, ಒತ್ತುವರಿ ಎಲ್ಲಿ ಶುರುವಾಗುತ್ತದೆ ಎಂಬುದು ಮನೆಯವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಕಾನು, ಸೊಪ್ಪಿನಬೆಟ್ಟಗಳಂಥ ಕಾಡು ಜಾಗದಲ್ಲಿ, ಸರ್ಕಾರಿ ಬೀಳಿನಲ್ಲಿ ಅಥವಾ ಅನುಮತಿಯಿಲ್ಲದೆ ಸಾಗುವಳಿ ಮಾಡಿ ಇನ್ನೂ ಮಂಜೂರಾಗದ ಬಗರ್‌ಹುಕುಂ ಜಾಗದಲ್ಲಿ ಚಿತೆ ಹೊತ್ತಿಸಿ ಸಮಾಧಿ ಕಟ್ಟಿದರೆ, ಅದು ಮುಂದೆ ಅರಣ್ಯ ಇಲಾಖೆಯೊಂದಿಗಿನ ವ್ಯಾಜ್ಯಕ್ಕೆ ಇನ್ನೊಂದು ಎಳೆಯಾಗುತ್ತದೆ. ತೋಟ ಇನ್ನೂ ಜಂಟಿ ಖಾತೆಯಲ್ಲಿದ್ದರೆ ಅಣ್ಣತಮ್ಮಂದಿರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಏಕೆಂದರೆ ಭಾಗವಾಗುವಾಗ ಸಮಾಧಿ ಯಾರ ಪಾಲಿಗೆ ಬರುತ್ತದೆ, ಅಲ್ಲಿಗೆ ವರ್ಷಕ್ಕೊಮ್ಮೆ ಹೋಗುವ ದಾರಿ ಯಾರದು ಎಂಬ ಜಗಳ ಸತ್ತವರ ಹೆಸರನ್ನೇ ಕೆಡಿಸುತ್ತದೆ. ಸುಡುವುದಷ್ಟೇ ಆಗಿ, ಕಟ್ಟಡವೇನೂ ಬೇಡವೆಂದು ಅವರೇ ಒಪ್ಪಿದರೆ ಈ ತಾಪತ್ರಯ ಬಹುಮಟ್ಟಿಗೆ ಇರುವುದಿಲ್ಲ. ಹಳ್ಳ, ಬಾವಿ, ಕುಡಿಯುವ ನೀರಿನ ಝರಿಯಿಂದ ದೂರವಿರುವ, ವಿದ್ಯುತ್ ತಂತಿ ಮತ್ತು ಮರದ ಹೊದಿಕೆ ಮೇಲಿಲ್ಲದ ಎತ್ತರದ ಜಾಗ ಬೇಕು ಎಂಬುದನ್ನು ನೀವೇ ಊಹಿಸಬಲ್ಲಿರಿ.

ಸೌದೆಯ ಲೆಕ್ಕ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನ ಮಳೆಗಾಲದಲ್ಲಿ ನಿಜವಾದ ಕಷ್ಟ ಎದುರಾಗುವುದು ಇಲ್ಲಿಯೇ. ನೆಲದ ಮೇಲೆ ಒಟ್ಟುವ ಸಾಂಪ್ರದಾಯಿಕ ಚಿತೆಗೆ ಸುಮಾರು 300ರಿಂದ 500 ಕೆ.ಜಿ. ಒಣ ಸೌದೆ ಬೇಕಾಗುತ್ತದೆ. ಕಬ್ಬಿಣದ ಚೌಕಟ್ಟಿನ ಮೇಲೆ, ಕೆಳಗಿನಿಂದ ಗಾಳಿಯಾಡುವಂತೆ ಒಟ್ಟಿದರೆ ಗಣನೀಯವಾಗಿ ಕಡಿಮೆ ಸಾಕು. ಕೆ.ಜಿ.ಗೆ 10 ರೂಪಾಯಿ ಎಂದಿಟ್ಟುಕೊಂಡರೂ 400 ಕೆ.ಜಿ.ಗೆ 4,000 ರೂಪಾಯಿ. ಚಟ್ಟದ ಬಿದಿರು, ಬಿಳಿ ಬಟ್ಟೆ, ಮಡಕೆ, ತುಪ್ಪ, ಕರ್ಪೂರ, ಹೂವು ಇವೆಲ್ಲ ಸೇರಿಯೂ ಆ ಮೊತ್ತವನ್ನು ದಾಟಬೇಕಾಗಿಲ್ಲ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೀವು ಹಣ ಕೊಟ್ಟು ನೀರನ್ನು ಕೊಳ್ಳುತ್ತೀರಿ, ಮತ್ತೆ ಆ ನೀರನ್ನು ಕುದಿಸಿ ಹೊರಹಾಕಲು ಒಳ್ಳೆಯ ಸೌದೆಯ ಕಾವನ್ನೇ ಸುಡುತ್ತೀರಿ. ಆಮೇಲೆ ಯಾರೋ ಡೀಸೆಲ್ ತರುತ್ತಾರೆ, ಅದು ಮೇಲೆ ಭಗ್ಗೆಂದು ಉರಿದು ಆರುತ್ತದೆ, ಒಳಗಿನ ದಿಮ್ಮಿ ಹಾಗೆಯೇ ಉಳಿಯುತ್ತದೆ, ಮತ್ತು ಹತ್ತಿರ ನಿಂತವರ ಕೈಮುಖ ಸುಡುವ ಅಪಾಯ ಬೇರೆ. ಇದಕ್ಕೆ ಪರಿಹಾರ ಬೇಸಿಗೆಯಲ್ಲಿಯೇ ಆಗಬೇಕು: ಸೌದೆ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಅರ್ಧ ಟನ್ ಒಣ ಸೌದೆಯನ್ನು ಮುಟ್ಟದೆ ಇಡುವುದು. ಹೆಸರು ಹೇಳಿ ಇಡಬೇಕಾಗಿಲ್ಲ, ‘ಮಳೆಗಾಲಕ್ಕೆ’ ಎಂದರೆ ಸಾಕು.

ಸೌದೆಗೆ ತೋಟದ ಮರ ಕಡಿಯುವುದಾದರೆ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮ 1976ನ್ನು ಮರೆಯಬೇಡಿ. ಸಿಲ್ವರ್ ಓಕ್, ತೆಂಗು, ನೀಲಗಿರಿ, ಗಾಳಿಮರಗಳಿಗೆ ಅನುಮತಿ ಬೇಕಿಲ್ಲ. ಬೀಟೆ, ಶ್ರೀಗಂಧಗಳನ್ನು ಮುಟ್ಟುವ ಮಾತೇ ಇಲ್ಲ. ‘ಅಜ್ಜನ ಚಿತೆಗೆ ಒಂದು ತುಂಡು ಗಂಧ’ ಎಂಬ ಆಸೆಗೆ ಅಂಗಡಿಯಲ್ಲಿ ರಸೀದಿಯೊಂದಿಗೆ ಸಿಗುವ ಚೂರು ಸಾಕು. ಮಳೆ ಹಿಡಿದ ದಿನ ತೋಟದಲ್ಲಿಯೇ ಆಗಬೇಕೆಂಬ ಹಟ ಬಿಟ್ಟು, ಚಾವಣಿ ಇರುವ ರುದ್ರಭೂಮಿಗೆ ಒಯ್ಯುವುದೇ ಲೇಸು. ಈ ಮಾತನ್ನು ಮಾವನವರ ಬಳಿಯೇ ಮೃದುವಾಗಿ ಆಡಿ ಒಪ್ಪಿಗೆ ಪಡೆಯಬಹುದು, ತೋಟ ಮಾಡಿದವರಿಗೆ ಜುಲೈ ಮಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅನಿಲ ಅಥವಾ ವಿದ್ಯುತ್ ಚಿತಾಗಾರ ಇರುವ ಊರುಗಳಲ್ಲಿ ಶುಲ್ಕವನ್ನು ಸ್ಥಳೀಯ ಸಂಸ್ಥೆ ನಿಗದಿ ಮಾಡಿರುತ್ತದೆ, ಅದು ಸೌದೆಯ ಚಿತೆಗಿಂತ ಕಡಿಮೆಯೇ ಇರುತ್ತದೆ. ಅಲ್ಲಿ ಗಂಟೆ, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿದು ಅಸ್ಥಿಯೂ ಅಂದೇ ಸಿಗುತ್ತದೆ. ನಿಗದಿತ ಶುಲ್ಕದ ಫಲಕ ನೋಡಿ, ರಸೀದಿ ಕೇಳಿ. ಕೆಲಸದವರಿಗೆ ಅದರ ಮೇಲೆ ನೂರಿನ್ನೂರು ಕೊಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಯಾರೂ ಮಾಡಲೊಲ್ಲದ ಕೆಲಸವನ್ನು ಮಾಡುವವರು ಅವರು.

ಹೂಳುವ ಪದ್ಧತಿ ಇರುವವರಿಗೆ ಖರ್ಚೆಂದರೆ ಗುಂಡಿಯದು ಮಾತ್ರ. ಈಗ ಹೆಚ್ಚಿನ ಕಡೆ ಜೆಸಿಬಿ ತರಿಸುತ್ತಾರೆ, ಅದು ಗಂಟೆಯ ಲೆಕ್ಕ, ಬಂದುಹೋಗುವ ಸಮಯವನ್ನೂ ಸೇರಿಸುತ್ತಾರೋ ಎಂದು ಮೊದಲೇ ಕೇಳಿ. ಊರಿಗೆ ರುದ್ರಭೂಮಿಯೇ ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಭೂ ಕಂದಾಯ ಅಧಿನಿಯಮ 1964ರ 71ನೆಯ ಪ್ರಕರಣದಡಿ ಸರ್ಕಾರಿ ಜಮೀನನ್ನು ಇಂಥ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಇದ್ದ ರುದ್ರಭೂಮಿಗೆ ಪರಿಶಿಷ್ಟ ಜಾತಿ, ಪಂಗಡದವರನ್ನು ಬಿಡದೆ ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯ ಮೂರನೆಯ ಪ್ರಕರಣದಡಿ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಗಾಡಿಯ ವಿಷಯ. 108 ಆಂಬುಲೆನ್ಸ್ ಇರುವುದು ರೋಗಿಗಳಿಗಾಗಿ, ಶವ ಸಾಗಿಸುವುದಕ್ಕಲ್ಲ. ನೀವು ಮೊದಲು ಕೇಳಬೇಕಾದದ್ದು ಸರ್ಕಾರಿ ಆಸ್ಪತ್ರೆಯ ಅಥವಾ ಸ್ಥಳೀಯ ಸಂಸ್ಥೆಯ ಶವವಾಹನ ಇದೆಯೇ ಎಂದು. ಅದು ಸಿಗದಿದ್ದರೆ ಖಾಸಗಿಯವರು. ಖಾಸಗಿಯವರ ಬಾಡಿಗೆ ಹೋಗಿಬರುವ ದೂರಕ್ಕೆ ಇರುತ್ತದೆ. ಊರು 60 ಕಿ.ಮೀ. ದೂರವಿದ್ದು ಕಿ.ಮೀ.ಗೆ 20 ರೂಪಾಯಿ ಎಂದು ಮಾತಾದರೆ 1,200 ಅಲ್ಲ, 2,400. ಅದರ ಮೇಲೆ ಚಾಲಕನ ಬತ್ತೆ, ರಾತ್ರಿಯ ಹೆಚ್ಚುವರಿ, ಶೀತಲ ಪೆಟ್ಟಿಗೆಯ ಬಾಡಿಗೆ, ‘ಇಳಿಸಿಕೊಡುವ’ ಹಣ. ಇದನ್ನೆಲ್ಲ ಸೇರಿಸಿ ಒಟ್ಟು ಎಷ್ಟು ಎಂದು ಶವ ಗಾಡಿಗೆ ಏರುವ ಮುನ್ನ ಕೇಳಬೇಕು. ಏರಿದ ಮೇಲೆ ಮಾತು ನಿಮ್ಮ ಕೈಯಲ್ಲಿರುವುದಿಲ್ಲ. ಅಳುತ್ತಿರುವ ಮಗನನ್ನೋ ಮಗಳನ್ನೋ ಈ ಮಾತಿಗೆ ಕಳಿಸಬೇಡಿ, ಸ್ವಲ್ಪ ದೂರದ ಸಂಬಂಧಿಯೋ ಸ್ನೇಹಿತರೋ ಮಾತಾಡಲಿ. ಇನ್ನೊಂದು ಸಂಗತಿ: ಅಂತ್ಯಕ್ರಿಯೆ, ಹೂಳುವಿಕೆ, ಚಿತಾಗಾರ, ಶವಾಗಾರ ಮತ್ತು ಶವ ಸಾಗಣೆ, ಇವು ಕೇಂದ್ರ ಜಿಎಸ್‌ಟಿ ಕಾಯ್ದೆಯ ಮೂರನೆಯ ಅನುಸೂಚಿಯ ಪ್ರಕಾರ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ. 2022ರಲ್ಲಿ ‘ಸ್ಮಶಾನಕ್ಕೂ ಶೇ 18 ತೆರಿಗೆ’ ಎಂಬ ಸುದ್ದಿ ಹರಡಿತ್ತು; ಅದು ಚಿತಾಗಾರ ಕಟ್ಟುವ ಕಾಮಗಾರಿಯ ಗುತ್ತಿಗೆಗೆ ಸಂಬಂಧಿಸಿದ್ದೇ ಹೊರತು ಸುಡಲು ಬಂದವರಿಗೆ ಅಲ್ಲ. ಶವ ಇಟ್ಟದ್ದಕ್ಕೋ ಸಾಗಿಸಿದ್ದಕ್ಕೋ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ತೆಗೆಸಿಹಾಕಿ.

ಸರ್ಕಾರದ ನೆರವಿನ ಬಗ್ಗೆ ಹೆಚ್ಚು ಆಸೆ ಹುಟ್ಟಿಸಲು ಮನಸ್ಸಿಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆಂದು ರಾಜ್ಯ ಕಂದಾಯ ಇಲಾಖೆಯ ಅಂತ್ಯಸಂಸ್ಕಾರ ಸಹಾಯ ಯೋಜನೆ ಬಂದಾಗ ಮೊತ್ತ 1,000 ರೂಪಾಯಿ ಇತ್ತು, ಅನಂತರ 5,000ಕ್ಕೆ ಏರಿತು. ಅದು ಕೈಗೆ ಬರುವುದು ಅನುದಾನ ಇದ್ದಾಗ ಮಾತ್ರ. ನಾಡ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು, ಆದರೆ ಅದನ್ನು ನಂಬಿ ಸಾಲ ಮಾಡಬಾರದು. ಇದಕ್ಕಿಂತ ಮುಖ್ಯವಾದದ್ದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ: ಅಂಥ ಕುಟುಂಬದಲ್ಲಿ 18ರಿಂದ 59ರ ವಯಸ್ಸಿನ, ದುಡಿದು ಸಾಕುತ್ತಿದ್ದವರು ತೀರಿಕೊಂಡರೆ ಒಮ್ಮೆಗೆ 20,000 ರೂಪಾಯಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರ ಅಂತ್ಯಕ್ರಿಯೆಗೆ 15,000 ರೂಪಾಯಿಯವರೆಗೆ ಸಿಗುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯಿಂದ ಅಂತ್ಯಕ್ರಿಯೆ ವೆಚ್ಚ ಮತ್ತು ಅನುಗ್ರಹ ಧನವಿದೆ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 436 ಮತ್ತು 20 ರೂಪಾಯಿ ಕಡಿತವಾಗುತ್ತಿದ್ದರೆ ಅವು ತಲಾ 2 ಲಕ್ಷದ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಗಳು; ಮೊದಲನೆಯದು 55ರವರೆಗೆ, ಎರಡನೆಯದು ಅಪಘಾತಕ್ಕೆ ಮಾತ್ರ, 70ರವರೆಗೆ. ನಿಮ್ಮ ಮಾವನವರ ವಯಸ್ಸಿಗೆ ಇವೆರಡೂ ಇಲ್ಲ, ಆದರೆ ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ಪಾಸ್‌ಬುಕ್ಕನ್ನು ಒಮ್ಮೆ ನೋಡಿಕೊಡಿ. ಆ ಕಡಿತ ಯಾವುದಕ್ಕೆ ಎಂದು ಬಹಳ ಜನರಿಗೆ ತಿಳಿದಿಲ್ಲ.

ಕೊನೆಗೆ ಉಳಿದದ್ದು ಕ್ರಿಯಾದಿಗಳು. ಅದು ಅವರವರ ಮನೆತನದ ವಿಚಾರ, ನಾನು ಹೇಳಬೇಕಾದದ್ದು ಲೆಕ್ಕದ ಮಾತು ಮಾತ್ರ. ಈವರೆಗೆ ಹೇಳಿದ ಸೌದೆ, ಗಾಡಿ, ಸಾಮಗ್ರಿ, ಆಳು ಎಲ್ಲವೂ ಸೇರಿ ಆಗುವ ಮೊತ್ತವನ್ನು, ಐನೂರು ಜನರ ತಿಥಿ ಊಟದ ಒಂದು ಪಂಕ್ತಿಯೇ ಮೀರಿಸಿಬಿಡಬಹುದು. ಎಲೆಗೆ 150 ರೂಪಾಯಿ ಎಂದರೂ ಐನೂರು ಎಲೆಗೆ 75,000. ಮಣ್ಣಿಗೆ ಬಂದವರನ್ನೆಲ್ಲ ಊಟಕ್ಕೆ ಕರೆಯಲೇಬೇಕೆಂಬ ಕಟ್ಟಳೆ ಯಾವ ಕಾನೂನಿನಲ್ಲಿಯೂ ಇಲ್ಲ; ಎಷ್ಟು ಜನ ಎಂಬುದನ್ನು ಮಾವನವರೇ ಹೇಳಿ ಹೋದರೆ ಉಳಿದವರಿಗೆ ಹೊರೆ ಇಳಿಯುತ್ತದೆ. ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ವಾಡಿಕೆ ನಿಮ್ಮ ಕಡೆಯೂ ಇದೆ. ನದಿಯಲ್ಲಿಯೇ ಬಿಡಬೇಕೆಂದಿದ್ದರೆ ಹೇಮಾವತಿ ಹುಟ್ಟುವುದು ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ, ಅದು ಹೋಗಿ ಸೇರುವುದೂ ಅದೇ ಕಾವೇರಿಯನ್ನೇ. ಮಡಕೆ, ಬಟ್ಟೆ, ಪ್ಲಾಸ್ಟಿಕ್ಕನ್ನು ನೀರಿಗೆ ಬಿಡದೆ ವಾಪಸು ತನ್ನಿ.

ಮರಣ ಪತ್ರ ಬಂದ ಮೇಲೆ ವಂಶವೃಕ್ಷಕ್ಕೆ ನಾಡ ಕಚೇರಿಯಲ್ಲಿ ಅರ್ಜಿ, ಅದರ ಮೇಲೆ ಪೌತಿ ಖಾತೆ. ಸತ್ತವರ ಪಿಂಚಣಿ ಬರುತ್ತಿದ್ದ ಖಾತೆಯಿಂದ ಎಟಿಎಂ ಕಾರ್ಡ್ ಬಳಸಿ ಹಣ ತೆಗೆಯಬೇಡಿ; ಸಾವಿನ ನಂತರ ಜಮೆಯಾದ ಕಂತನ್ನು ಇಲಾಖೆ ವಾಪಸು ಕೇಳುತ್ತದೆ, ಆಗ ಖರ್ಚಿಗೆ ಬಳಸಿದೆವು ಎಂಬ ಉತ್ತರ ನಡೆಯುವುದಿಲ್ಲ. ಖಾತೆಗೆ ನಾಮಿನಿ ಇದ್ದಾರೆಯೇ ಎಂಬುದನ್ನು ಮಾತ್ರ ಈ ವಾರವೇ ನೋಡಿ, ಮಾವನವರು ಸಹಿ ಹಾಕಬಲ್ಲರೆಂದರೆ ಅದು ಹತ್ತು ನಿಮಿಷದ ಕೆಲಸ. ದೊಡ್ಡಮಾವನವರ ವಿಷಯಕ್ಕೆ ಹಾಸನಕ್ಕೆ ಹೋಗುವಾಗ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ ಅಥವಾ ಬಿಲ್ಲು, ಅವರ ಆಧಾರ್ ಪ್ರತಿ, ಅರ್ಜಿದಾರರ ಆಧಾರ್ ಪ್ರತಿ ಇಷ್ಟನ್ನು ತೆಗೆದುಕೊಂಡು ಹೋಗಿ, ಮತ್ತು ಸಾವಿನ ದಿನಾಂಕದಿಂದ ಒಂದು ವರ್ಷ ತುಂಬುವುದಕ್ಕೆ ಮುಂಚೆ ಹೋಗಿ.